ಪಕ್ಕೆಲುಬು ಕೈಗೆ ಸಿಗಬೇಕು

ಜನವರಿ 8, ಬುಧವಾರ

ಇದು ದಿನಚರಿಯಲ್ಲ. ದಿನಚರಿ ಬರೆಯುವಷ್ಟು ನನ್ನ ದಿನಗಳಲ್ಲಿ ಏನೂ ನಡೆಯುವುದಿಲ್ಲ. ಕಳೆದ ತಿಂಗಳು ನರ್ಸ್ ಕೆಲಸದಿಂದ ನಿವೃತ್ತಿಯಾದಾಗ ಮಕ್ಕಳ ಕ್ಲಿನಿಕ್ಕಿನಿಂದ ಎತ್ತಿಕೊಂಡು ಬಂದ ಖಾಲಿ ರಿಜಿಸ್ಟರು ಇದು. ನಾಯಿಮರಿಯ ಊಟ, ತೂಕ ಬರೆದಿಡಲು ತೆಗೆದಿದ್ದೇನೆ, ಅಷ್ಟೇ.

ಮರಿಯನ್ನು ನಾನೇನೂ ಕೇಳಿರಲಿಲ್ಲ. ನಿನ್ನೆ ಸಂಜೆ ತಂಗಿ ಬುಟ್ಟಿಯಲ್ಲಿಟ್ಟುಕೊಂಡು ಬಂದಳು. ಅವಳಿಗೆ ಮದುವೆಯಾಗಿ ಮೂರು ವಾರ. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮದುವೆ! ಅದೂ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಕಣ್ಣು ತೋರಿಸಲು ಬಂದ ಬಸ್ ಡ್ರೈವರ್ ಜೊತೆ.

"ಅಕ್ಕಾ, ಲ್ಯಾಬ್ರಡಾರ್. ಎಂಟು ವಾರದ್ದು. ಏಳು ಮರಿಗಳಲ್ಲಿ ಇದೇ ಸಣ್ಣದು. ನಿನಗೆ ಜೊತೆಗಿರ್ಲಿ ಅಂತ ತಂದೆ" ಎಂದಳು.

ಹುಟ್ಟಿದಾಗಿನಿಂದ ನನ್ನ ಜೊತೆಗಿದ್ದವಳು ತನ್ನ ಬದಲಿಗೆ ಒಂದು ನಾಯಿ ಕೊಡುತ್ತಿದ್ದಾಳೆ! ಆದರೂ ಅವಳನ್ನು ಊಟಕ್ಕೆ ಕೂರಿಸಿದೆ. ಕುತ್ತಿಗೆ ಸೊರಗಿದಂತೆ ಕಂಡಿತು. ಬಡಿಸಿದೆ. "ಸಾಕು ಅಕ್ಕಾ, ಹೊಟ್ಟೆ ತುಂಬಿದೆ" ಅಂದಳು. ಇನ್ನೊಂದು ಸೌಟು ಹಾಕಿದೆ. ಮತ್ತೆ ಸಾಕು ಅಂದಳು. ಇನ್ನೊಂದು ತುತ್ತು ಎಂದು ಹಾಕಿದ್ದೇ ತಡ, ತಟ್ಟೆ ತಳ್ಳಿದಳು.

"ನನಗೆ ಹೊಟ್ಟೆ ತುಂಬಿದೆ ಅಂದ್ರೆ ನೀನು ಯಾವತ್ತಾದ್ರೂ ನಂಬಿದ್ದೀಯಾ ಅಕ್ಕಾ? ಒಂದೇ ಒಂದು ದಿನ?"

"ಹೊಟ್ಟೆ ತುಂಬಿದ್ರೆ ಎದ್ದು ಹೋಗು. ನಿನ್ನ ಮನೆಗೇ ಹೋಗು. ಇನ್ನು ಈ ಕಡೆ ತಲೆ ಹಾಕ್ಬೇಡ" ಎಂದುಬಿಟ್ಟೆ.

ಹೋದಳು. ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಎರಡು ಮಹಡಿ ಇಳಿದ ಸದ್ದು ಕೇಳಿಸಿತು. ಬುಟ್ಟಿ ಇಲ್ಲೇ ಉಳಿಯಿತು. ಮರಿ ಕುರ್ಚಿಯ ಕೆಳಗೆ ಉಚ್ಚೆ ಹೊಯ್ದಿತ್ತು.

ತೂಕ: 5.4 ಕೆ.ಜಿ.

ಜನವರಿ 10, ಶುಕ್ರವಾರ

ನಾಯಿಗೆ ಏನು ತಿನ್ನಿಸಬೇಕು ಎಂದು ಕೇಳಿದರೆ ಸಾಕು, ಊರಿಗೆಲ್ಲ ಬಾಯಿ ಬರುತ್ತದೆ.

ಪ್ರಾಣಿಗಳ ಆಹಾರದ ಅಂಗಡಿಯವನು ಚಾವಣಿವರೆಗೆ ಚೀಲ ಪೇರಿಸಿಕೊಂಡು ಕುಳಿತಿದ್ದ. "ದೊಡ್ಡ ಜಾತಿ ಮರಿಗಳಿಗೇ ಅಂತ ಬೇರೆ ಬರುತ್ತೆ ಮೇಡಂ. ಇದನ್ನೇ ಹಾಕಿ. ಚೀಲದ ಮೇಲೆ ಅಳತೆ ಇದೆ, ದಿನಕ್ಕೆ ಮೂರು ಸಲ. ಬೇರೇನೂ ಬೆರೆಸ್ಬೇಡಿ." ದ್ರಾಕ್ಷಿ, ಚಾಕೊಲೇಟು, ಈರುಳ್ಳಿ ಕೊಡಲೇಬಾರದು ಎಂದು ಒಂದು ಚೀಟಿಯನ್ನೂ ಕೊಟ್ಟ. ಅದನ್ನು ಫ್ರಿಜ್ಜಿಗೆ ಅಂಟಿಸಿದ್ದೇನೆ.

ಎದುರುಮನೆಯ ಡ್ರಿಲ್ ಮೇಷ್ಟ್ರು ಬಾಗಿಲಲ್ಲೇ ತಡೆದರು. "ಆ ಒಣ ಗೋಲಿ ಯಾಕೆ ತಂದ್ರಿ ಸಿಸ್ಟರ್? ಅನ್ನ, ಕೋಳಿ, ಮೊಟ್ಟೆ, ಹಾಲು ಹಾಕಿ. ನಮ್ಮ ನಾಯಿ ಹದಿಮೂರು ವರ್ಷ ಬದುಕಿತ್ತು."

"ಯಾವ ಜಾತಿ?"

"ಜಾತಿ ಗೀತಿ ಏನಿಲ್ಲ, ಬೀದಿದು."

ಇಬ್ಬರ ಮಾತನ್ನೂ ಕೇಳಿ ನಾನು ನನ್ನದೇ ತೀರ್ಮಾನ ಮಾಡಿದೆ. ಮೂವತ್ತಾರು ವರ್ಷ ಮಕ್ಕಳನ್ನು ತೂಗಿದವಳು ನಾನು. ಕ್ಲಿನಿಕ್ಕಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, 'ತೂಕದಮ್ಮ' ಎಂದರೆ ಗೊತ್ತು. ಸಣ್ಣದಾಗಿ ಹುಟ್ಟಿದ ಮಗುವಿಗೆ ಉಳಿದ ಮಕ್ಕಳಷ್ಟೇ ಕೊಟ್ಟರೆ ಸಾಲದು, ಒಂದೂವರೆ ಪಾಲು ಕೊಡಬೇಕು. ಎಷ್ಟು ತಾಯಂದಿರಿಗೆ ಹೇಳಿಲ್ಲ ಇದನ್ನು! ಆದ್ದರಿಂದ ಚೀಲದ್ದೂ ಹಾಕುತ್ತೇನೆ, ಅನ್ನ ಮೊಟ್ಟೆಯೂ ಹಾಕುತ್ತೇನೆ. ಗೋಲಿ ತಿಂದು ಯಾವ ಮಗು ಬೆಳೆದಿದೆ?

ಜನವರಿ 12, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಫೋನು ಬಡಿದುಕೊಂಡಿತು. ಅವಳೇ. ಎತ್ತಲಿಲ್ಲ. ಹನ್ನೆರಡು ಸಲ ರಿಂಗಾಗಿ ನಿಂತಿತು.

ಮರಿ ಫೋನಿನ ಕಡೆಗೂ ನನ್ನ ಕಡೆಗೂ ನೋಡಿತು. ನಿನಗ್ಯಾಕೆ ಊರ ಉಸಾಬರಿ ಎಂದೆ.

ಜನವರಿ 22, ಬುಧವಾರ

8.1. ಎರಡು ವಾರಕ್ಕೆ ಎರಡು ಕಿಲೋ ಏಳುನೂರು! ಕ್ಲಿನಿಕ್ಕಿನ ಬೆಳವಣಿಗೆಯ ಕಾರ್ಡೊಂದನ್ನು ತಂದಿದ್ದೆ, ಅದರಲ್ಲೇ ಗೆರೆ ಎಳೆಯುತ್ತಿದ್ದೇನೆ. ಗೆರೆ ಏಣಿ ಇಟ್ಟಂತೆ ಮೇಲಕ್ಕೆ ಹೋಗಿದೆ. ಇಂಥ ಗೆರೆ ಕಂಡರೆ ನಮ್ಮ ಡಾಕ್ಟರು ಕಾರ್ಡನ್ನು ಎತ್ತಿ ಹಿಡಿದು ಉಳಿದ ತಾಯಂದಿರಿಗೆ ತೋರಿಸುತ್ತಿದ್ದರು.

ಹೊಟ್ಟೆ ದುಂಡಗಾಗಿದೆ. ಗುಂಡ ಎಂದು ಕರೆದೆ. ತಿರುಗಿ ನೋಡಿತು. ಹೆಸರಿಟ್ಟ ಹಾಗೇನೂ ಅಲ್ಲ.

ಫೆಬ್ರವರಿ 9, ಭಾನುವಾರ

ಫೋನು ಬಂತು. ಎತ್ತಲಿಲ್ಲ. ಇದು ಐದನೆಯ ಭಾನುವಾರ. ಹಟ ಅವಳಿಗೂ ಕಡಿಮೆಯಿಲ್ಲ, ನಾನೇ ಸಾಕಿದ್ದಲ್ಲವೇ.

ಅಮ್ಮ ಹೋದಾಗ ಅವಳಿಗೆ ಎರಡು ತಿಂಗಳು, ನನಗೆ ಹನ್ನೊಂದು ವರ್ಷ. ಅಪ್ಪ ಕಾರ್ಖಾನೆಗೆ ಹೋದರೆ ಮನೆಯಲ್ಲಿ ನಾವಿಬ್ಬರೇ. ಡಾಕ್ಟರು ಅವಳನ್ನು ತಕ್ಕಡಿಯಲ್ಲಿಟ್ಟು, ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದನ್ನೂ ಗಮನಿಸದೆ, "ತೂಕ ಇಳೀತಿದೆ. ಹೀಗೇ ಇಳಿದ್ರೆ ಉಳಿಯೋದಿಲ್ಲ" ಎಂದು ಅಪ್ಪನಿಗೆ ಹೇಳಿದರು. ಅಂದಿನಿಂದ ಗಂಟೆಗೊಮ್ಮೆ ಚಮಚದಲ್ಲಿ ಹಾಲು ಹಿಡಿದೆ. ಬಾಯಿ ಮುಚ್ಚಿಕೊಂಡರೆ ಮೂಗು ಹಿಡಿದು ಕುಡಿಸಿದೆ. ಶಾಲೆ ಬಿಟ್ಟೆ, ಎರಡು ವರ್ಷ ಕಳೆದ ಮೇಲೆ ಮತ್ತೆ ಸೇರಿದೆ. ಅವಳು ಉಳಿದಳು.

ಇವತ್ತು ಅವಳ ಕೋಣೆಯ ಕಪಾಟು ತೆರೆದೆ. ನಾಲ್ಕು ಹ್ಯಾಂಗರು ಬಿಟ್ಟರೆ ಏನೂ ಇಲ್ಲ. ಒಳಗೆ ತಲೆ ಹಾಕಿ ವಾಸನೆ ನೋಡಿದೆ. ಅಳು ಬಂತು, ಅತ್ತೆ. ಗುಂಡ ಬಂದು ಹ್ಯಾಂಗರೊಂದನ್ನು ಕಚ್ಚಿಕೊಂಡು ಓಡಿತು. ಹಿಂದೆ ಓಡಬೇಕಾಯಿತು.

ಫೆಬ್ರವರಿ 16, ಭಾನುವಾರ

ಕ್ಲಿನಿಕ್ಕಿನಿಂದ ತಂದಿದ್ದ ಮಗು ತೂಗುವ ಹಳೇ ತಕ್ಕಡಿಗೆ ಗುಂಡ ದೊಡ್ಡದಾಯಿತು. ಒಂದು ಕಡೆ ತಲೆ, ಇನ್ನೊಂದು ಕಡೆ ಬಾಲ ಜೋತಾಡುತ್ತದೆ. ಇನ್ನು ನಿಂತು ನೋಡುವ ಯಂತ್ರವೇ ಗತಿ. ಅದನ್ನು ಎತ್ತಿಕೊಂಡು ನಿಲ್ಲುವುದು, ಆಮೇಲೆ ನಾನೊಬ್ಬಳೇ ನಿಲ್ಲುವುದು, ಕಳೆಯುವುದು. ಫ್ರಿಜ್ಜಿಗೆ ಒಂದು ಹಾಳೆ ಅಂಟಿಸಿ ಮೂರು ಕಾಲಂ ಎಳೆದೆ.

ಇಬ್ಬರೂ 69.1. ನಾನು 56.0. ಗುಂಡ 13.1.

ಅದಕ್ಕೆ ಕೋಳಿ ಬೇಯಿಸಿ, ಅನ್ನ ಕಲೆಸಿ, ಆರಿಸಿ ಇಡುವಷ್ಟರಲ್ಲಿ ನನಗೇ ಬೇಜಾರು. ಒಬ್ಬಳಿಗೋಸ್ಕರ ಮತ್ತೆ ಏನು ಒಲೆ ಹಚ್ಚುವುದು? ಬ್ರೆಡ್ಡು, ಚಹಾ ಸಾಕು.

ಮಾರ್ಚ್ 2, ಭಾನುವಾರ

72.0. 55.1. ಗುಂಡ 16.9.

ಐದು ವರ್ಷದ ಮಗುವಿನ ತೂಕಕ್ಕೆ ಹತ್ತಿರ ಬಂದ, ಇನ್ನೂ ನಾಲ್ಕು ತಿಂಗಳು ತುಂಬಿಲ್ಲ! ಕಾರ್ಡಿನಲ್ಲಿ ಜಾಗ ಸಾಲದೆ ಮೇಲಕ್ಕೆ ಇನ್ನೊಂದು ಕಾರ್ಡು ಅಂಟಿಸಿದೆ. ಮೇಷ್ಟ್ರು ನೋಡಿ, "ಇದೇನು ಸಿಸ್ಟರ್, ನಾಯಿನೋ ಕರಡಿನೋ?" ಎಂದರು. ಹೊಟ್ಟೆಕಿಚ್ಚು. ಅವರ ನಾಯಿ ಇಷ್ಟು ಲಕ್ಷಣವಾಗಿ ಇದ್ದಿರಲಿಕ್ಕಿಲ್ಲ.

ಎಷ್ಟು ಹಾಕಿದರೂ ಬಟ್ಟಲು ನೆಕ್ಕಿ ನೆಕ್ಕಿ ಗೋಡೆವರೆಗೂ ತಳ್ಳಿಕೊಂಡು ಹೋಗುತ್ತಾನೆ. ಆಮೇಲೆ ನನ್ನ ಮುಖ ನೋಡುತ್ತಾನೆ. ಸಾಕು ಎನ್ನುವ ಜಾಯಮಾನವೇ ಅಲ್ಲ. ಹೀಗೆ ತಿನ್ನುವವರಿಗೆ ಬಡಿಸುವುದೇ ಒಂದು ಸುಖ.

ಮಾರ್ಚ್ 13, ಗುರುವಾರ

ಇಷ್ಟು ಬೇಗ ಬೆಳೆಯುವ ಮೂಳೆಗೆ ಬಲ ಬೇಡವೇ? ಮನೆಯಲ್ಲಿ ಮಕ್ಕಳ ಕ್ಯಾಲ್ಸಿಯಂ ಸಿರಪ್ಪಿನ ಬಾಟಲಿಗಳಿದ್ದವು, ಇನ್ನೂ ಅವಧಿ ಮೀರಿಲ್ಲ. ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ. ಬಾಯಿ ಚಪ್ಪರಿಸಿ ಕುಡಿಯುತ್ತಾನೆ, ತಂಗಿಯಂತೆ ಹಲ್ಲು ಕಚ್ಚುವುದಿಲ್ಲ.

ಕೈಗಡಿಯಾರದ ಪಟ್ಟಿ ಸಡಿಲವಾಗಿ ಮೊಣಕೈವರೆಗೂ ಜಾರುತ್ತದೆ. ಪಟ್ಟಿಯ ಚರ್ಮ ಹಿಗ್ಗಿರಬೇಕು. ಸೂಜಿ ಕಾಯಿಸಿ ಇನ್ನೊಂದು ತೂತು ಮಾಡಿಕೊಂಡೆ.

ಮಾರ್ಚ್ 20, ಗುರುವಾರ

ಗುಂಡ ಮೆಟ್ಟಿಲ ಮೇಲೆ ನಿಂತುಬಿಟ್ಟ. ಮುಂದಿನ ಎಡಗಾಲು ಎತ್ತಿ ಹಿಡಿದಿದ್ದಾನೆ. ಮುಳ್ಳು ಹುಡುಕಿದೆ, ಇಲ್ಲ. ಒತ್ತಿದರೆ ಕುಂಯ್ ಎಂದ. ಸಂಜೆ ಬಟ್ಟಲಿನ ಹತ್ತಿರಕ್ಕೆ ಮೂರೇ ಕಾಲಲ್ಲಿ ಬಂದ.

ನಾಳೆ ಬೆಳಿಗ್ಗೆಯೇ ಪ್ರಾಣಿ ವೈದ್ಯರ ಹತ್ತಿರ ಕರೆದೊಯ್ಯಬೇಕು.

ಮಾರ್ಚ್ 21, ಶುಕ್ರವಾರ

ಪ್ರಾಣಿ ವೈದ್ಯೆ ಸಣ್ಣ ವಯಸ್ಸಿನವಳು. ಗುಂಡನನ್ನು ತೂಕದ ಹಲಗೆಯ ಮೇಲೆ ನಿಲ್ಲಿಸಿದಳು. ಇಪ್ಪತ್ತು ಕಿಲೋ ಆರುನೂರು. ನಾನು ಹೆಮ್ಮೆಯಿಂದ ಕಾರ್ಡು ತೆಗೆದು ತೋರಿಸಿದೆ. ಅವಳು ಅದನ್ನು ಬಿಡಿಸಿ, ಮೇಲೆ ಅಂಟಿಸಿದ್ದನ್ನೂ ನೋಡಿ, ಮಡಿಸಿ ವಾಪಸು ಕೊಟ್ಟಳು.

"ಅಮ್ಮಾ, ಈ ವಯಸ್ಸಿಗೆ ಹದಿನಾರು ಇದ್ರೆ ಚೆನ್ನಾಗಿತ್ತು. ಏನೇನು ಹಾಕ್ತೀರಿ?"

ಹೇಳಿದೆ. ಗೋಲಿ, ಅನ್ನ, ಕೋಳಿ, ಎರಡು ಮೊಟ್ಟೆ, ಹಾಲು. ಸಿರಪ್ಪಿನ ಮಾತು ಬಂದಾಗ ಅವಳು ಬರೆಯುವುದನ್ನು ನಿಲ್ಲಿಸಿದಳು.

ಎಕ್ಸ್‌ರೇ ಆಯಿತು. ಮುರಿದಿಲ್ಲ. ಆದರೆ ಬೆಳೆಯುವ ಮೂಳೆ ಇನ್ನೂ ಮೆತ್ತಗಿದೆ, ಅದರ ಮೇಲೆ ಹೊರಲಾರದ ಭಾರ ಕುಳಿತಿದೆ. ದೊಡ್ಡ ಜಾತಿಯ ಮರಿಗಳು ನಿಧಾನವಾಗಿ ಬೆಳೆಯಬೇಕಂತೆ. ಅವುಗಳ ಚೀಲದಲ್ಲಿ ಕ್ಯಾಲ್ಸಿಯಂ ಅಳೆದೇ ಹಾಕಿರುತ್ತಾರಂತೆ, ಮೇಲಿಂದ ಹಾಕಿದರೆ ಮೂಳೆ ಬೆಳೆಯುವ ರೀತಿಯೇ ಕೆಡುತ್ತದಂತೆ. ಎಂಟು ವಾರ ಮೆಟ್ಟಿಲು ಹತ್ತಿಸಬಾರದು, ಓಡಿಸಬಾರದು. ಅಳೆದು ಹಾಕಬೇಕು, ಚೀಲದ್ದು ಮಾತ್ರ. ಎಂಟು ವಾರದ ಮೇಲೂ ಕುಂಟಿದರೆ ಮುಂಗಾಲಿನ ಮೊಣಕೈ ಕೀಲಿಗೆ ಶಸ್ತ್ರಚಿಕಿತ್ಸೆ. ಆಗಲೂ ಪೂರ್ತಿ ಸರಿಹೋಗುತ್ತದೆ ಎಂದು ಹೇಳಲಾಗದು.

"ಅವನಿಗೆ ಹಸಿವಾಗುತ್ತಲ್ಲಮ್ಮ, ಎಷ್ಟು ಹಾಕಿದ್ರೂ ಕೇಳ್ತಾನೆ" ಎಂದೆ.

"ಲ್ಯಾಬ್ರಡಾರ್ ಹೊಟ್ಟೆ ತುಂಬ್ತು ಅಂತ ಹೇಳೋದೇ ಇಲ್ಲ. ಅದರ ಮುಖ ನೋಡಿ ಬಡಿಸ್ಬೇಡಿ." ನನ್ನ ಕೈ ಹಿಡಿದು ಅವನ ಪಕ್ಕೆಯ ಮೇಲೆ ಇಟ್ಟಳು. ಮೆತ್ತೆಯ ಹಾಗಿತ್ತು. "ಇಲ್ಲಿ ಪಕ್ಕೆಲುಬು ಕೈಗೆ ಸಿಗ್ಬೇಕು. ಕಣ್ಣಿಗೆ ಕಾಣಬಾರದು. ಇಷ್ಟೇ ಲೆಕ್ಕ."

ಪಕ್ಕೆಲುಬು ಸಿಕ್ಕ ಮಗುವಿನ ತಾಯಿಯನ್ನು ನಾನು ಎಲ್ಲರೆದುರು ಬೈಯುತ್ತಿದ್ದೆ.

ನಾನೇ ಮಾಡಿದ್ದು. ಬೇರೆ ಯಾರ ಮೇಲೂ ಹಾಕುವಂತಿಲ್ಲ. ಅಕ್ಕರೆಯಿಂದ, ಚಮಚ ಚಮಚ ಅಳೆದು, ನಾನೇ ಮಾಡಿದ್ದು.

ಮಾರ್ಚ್ 22, ಶನಿವಾರ

ಎರಡನೇ ಮಹಡಿ. ಮೂವತ್ತಾರು ಮೆಟ್ಟಿಲು. ಬೆಳಿಗ್ಗೆ ಎತ್ತಿಕೊಂಡು ಇಳಿದೆ. ಹತ್ತುವಾಗ ಮೊದಲ ಮಹಡಿಯಲ್ಲಿ ಕಣ್ಣಿಗೆ ಕತ್ತಲೆ ಕವಿಯಿತು. ಅವನನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೇ ಕುಳಿತೆ. ಮೇಷ್ಟ್ರು ಬಂದು ಎತ್ತಲು ನೋಡಿದರು, ಸೊಂಟ ಹಿಡಿದುಕೊಂಡು ಅವರೂ ಪಕ್ಕದಲ್ಲೇ ಕುಳಿತರು. ಗುಂಡ ಇಬ್ಬರ ಮುಖವನ್ನೂ ನೆಕ್ಕಿದ. ಅವನಿಗೇನು, ಜಾತ್ರೆ.

ಮಾರ್ಚ್ 23, ಭಾನುವಾರ

ಹತ್ತಕ್ಕೆ ಫೋನು. ಮೂರನೇ ರಿಂಗಿಗೆ ಎತ್ತಿದೆ.

ಆ ಕಡೆಯಿಂದ ಅವಳು, "ಎತ್ತಿದ್ಯಾ?" ಎಂದಳು. ಎತ್ತುತ್ತೇನೆಂದು ಅಂದುಕೊಂಡಿರಲಿಲ್ಲವೋ ಏನೋ.

"ಮರಿಗೆ ಕಾಲು" ಎಂದೆ.

"ಅಕ್ಕಾ, ಏನಾಯ್ತು? ಅಕ್ಕಾ?"

ಮೆಟ್ಟಿಲಿನ ವಿಷಯ ಹೇಳಿದೆ. ಸಿರಪ್ಪಿನ ವಿಷಯ ಹೇಳಲಿಲ್ಲ. ಇಟ್ಟುಬಿಟ್ಟೆ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಆರೂವರೆಗೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಆ ಡ್ರೈವರು, ಸಮವಸ್ತ್ರದಲ್ಲಿ. ಮದುವೆಯ ದಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಡಿದ್ದು ಬಿಟ್ಟರೆ ಮತ್ತೆ ಮುಖ ನೋಡಿರಲಿಲ್ಲ. ಅವತ್ತೂ ನಾನು ಗೋಡೆಯ ಗಡಿಯಾರವನ್ನೇ ನೋಡಿದ್ದು.

"ಅತ್ತಿಗೆ, ನನ್ನ ಡ್ಯೂಟಿ ಏಳೂವರೆಗೆ. ಡಿಪೋ ಇಲ್ಲೇ ಹಿಂದೆ. ಎಲ್ಲಿ ಅವನು?"

ಗುಂಡನನ್ನು ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಳ್ಳುತ್ತಾನೇನೋ ಎಂದುಕೊಂಡೆ. ಇಲ್ಲ. ಎದೆಗೂ ಸೊಂಟಕ್ಕೂ ಕೈ ಕೊಟ್ಟು, ನೋಯುವ ಕಾಲು ಹೊರಗೆ ಬರುವಂತೆ ಎತ್ತಿಕೊಂಡ. ಇಳಿಸಿದ, ಕಾದ, ಹತ್ತಿಸಿದ. ಒಂದು ಲೋಟ ನೀರು ಕುಡಿದು ಹೋದ. ಸಂಜೆ ಮತ್ತೆ ಬಂದ. ಹೆಚ್ಚು ಮಾತಿಲ್ಲ. ಮಧ್ಯಾಹ್ನ ಗುಂಡನ ಉಚ್ಚೆಗೆ ತಾರಸಿಯ ಮೂಲೆಯಲ್ಲಿ ಮಣ್ಣು ತುಂಬಿದ ತಟ್ಟೆ ಇಡಲು ಹೇಳಿದ. ನಮ್ಮ ಮನೆಗೆ ತಾರಸಿ ಎಲ್ಲಿದೆ? ಬಾಲ್ಕನಿಯಲ್ಲಿ ಇಟ್ಟೆ.

ಮಾರ್ಚ್ 30, ಭಾನುವಾರ

ತೂಗಿದೆವು. 73.3. 52.6. ಗುಂಡ 20.7.

ಅಳೆದು ಹಾಕುವುದು ಎಂದರೆ ಏನೆಂದು ಈ ವಾರ ಗೊತ್ತಾಯಿತು. ಒಂದು ಹೊತ್ತಿಗೆ ಒಂದು ಬಟ್ಟಲು, ಮೇಲೆ ಕೈಯಾಡಿಸಿ ಸಮ ಮಾಡಿದ್ದು. ಅರೆ ನಿಮಿಷದಲ್ಲಿ ಖಾಲಿ. ಆಮೇಲೆ ಬಂದು ನನ್ನ ಮಂಡಿಯ ಮೇಲೆ ಗದ್ದ ಇಟ್ಟು ಕೂರುತ್ತಾನೆ. ಬಾಯಿಂದ ನೀರು ಸೋರಿ ಸೀರೆ ಒದ್ದೆ. ಪ್ರಾಣ ಕಿತ್ತು ಬರುತ್ತದೆ. ನಿನ್ನೆ ತಡೆಯಲಾರದೆ ಸ್ನಾನದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ಅವನು ಹೊರಗೆ, ನಾನು ಒಳಗೆ, ಇಬ್ಬರೂ ಕುಂಯ್ಗುಟ್ಟುತ್ತ.

ಅವನೆದುರು ತಿನ್ನುವುದು ಪಾಪ ಅನ್ನಿಸಿ ನಾನೂ ಈಗ ಒಂದೇ ಹೊತ್ತು.

ಫೋನು ಎತ್ತಿದೆ. ಎರಡು ನಿಮಿಷ ಮಾತಾಡಿದೆವು. ಕಾಲಿನ ವಿಷಯ ಮಾತ್ರ.

ಏಪ್ರಿಲ್ 10, ಗುರುವಾರ

ಡ್ರೈವರಿಗೆ ಇವತ್ತು ತಿಂಡಿ ಕೊಟ್ಟೆ. ದಿನಾ ಮೂವತ್ತಾರು ಮೆಟ್ಟಿಲು ಎರಡು ಸಲ ಹೊರುವವನಿಗೆ ಬರೀ ನೀರು ಕೊಡಲು ನಾನೇನು ಕಲ್ಲೇ? ಅರ್ಧ ತಿಂದು, "ಸಾಕು ಅತ್ತಿಗೆ, ಹೊಟ್ಟೆ ತುಂಬಿದೆ" ಎಂದ. ನನ್ನ ಕೈಯಲ್ಲಿ ಸೌಟು ಇತ್ತು. ಕೆಳಗಿಟ್ಟೆ.

ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ: "ಅವಳು ಊಟಕ್ಕೆ ಇಡುವಾಗ ದಿನಾ ಮೂರು ತಟ್ಟೆ ಇಡ್ತಾಳೆ. ಆಮೇಲೆ ಒಂದನ್ನ ಎತ್ತಿ ಒಳಗಿಡ್ತಾಳೆ. ನಾನೇನೂ ಕೇಳೋದಿಲ್ಲ."

ಇವನಿಗೆ ಇಷ್ಟು ಮಾತು ಬರುತ್ತದೆ ಎಂದು ಗೊತ್ತಿರಲಿಲ್ಲ. ಅವನು ಇಳಿದು ಹೋದ ಮೇಲೆ ನಾನು ಬಾಗಿಲು ಹಾಕಿಕೊಳ್ಳುವುದನ್ನೇ ಮರೆತಿದ್ದೆ.

ಏಪ್ರಿಲ್ 13, ಭಾನುವಾರ

71.9. 51.5. ಗುಂಡ 20.4. ಮೂರು ವಾರದಲ್ಲಿ ಮೈ ಉದ್ದವಾಗಿದೆ, ತೂಕ ಅಲ್ಲೇ ಇದೆ. ವೈದ್ಯೆ ಹೀಗೇ ಆಗಬೇಕು ಎಂದಿದ್ದಳು. ಪಕ್ಕೆಯ ಮೇಲೆ ಕೈ ಇಟ್ಟು ಹುಡುಕಿದೆ. ಆಳದಲ್ಲಿ ಎಲ್ಲೋ ಒಂದು ಸಿಕ್ಕಿತು.

ಫೋನಿನಲ್ಲಿ ಅವಳಿಗೆ ಸಿರಪ್ಪಿನ ವಿಷಯ ಹೇಳಿದೆ. ಬೈಯಲಿ ಎಂದೇ ಹೇಳಿದೆ.

"ನನಗೂ ಅದೇ ಕುಡಿಸ್ತಿದ್ದೆ ಅಲ್ವಾ, ಮೂಗು ಹಿಡ್ಕೊಂಡು" ಎಂದು ನಕ್ಕಳು. ನಗುವುದೋ ಅಳುವುದೋ ತಿಳಿಯದೆ ನಾನು, ಇಟ್ಟುಬಿಡ್ತೀನಿ, ಹಾಲು ಉಕ್ಕುತ್ತಿದೆ ಎಂದೆ. ಹಾಲು ಎಲ್ಲಿತ್ತು? ಮನೆಗೆ ಹಾಲು ತರುವುದನ್ನೇ ಬಿಟ್ಟಿದ್ದೇನೆ.

ಏಪ್ರಿಲ್ 27, ಭಾನುವಾರ

71.8. 50.8. 21.0.

ಇನ್ನೂ ಕುಂಟುತ್ತಾನೆ. ಬೆಳಿಗ್ಗೆ ಎದ್ದ ತಕ್ಷಣ ಹೆಚ್ಚು. ಆಮೇಲೆ ಕಡಿಮೆ. ಅಥವಾ ಕಡಿಮೆ ಎಂದು ನನಗೆ ಅನ್ನಿಸುತ್ತದೆ.

ಮೇ 6, ಮಂಗಳವಾರ

ಬರೆಯಲು ಏನೂ ಇಲ್ಲ. ಅವಳ ಕೋಣೆಯಲ್ಲಿ ಗುಂಡನ ಹಾಸಿಗೆ ಹಾಕಿದೆ. ನೆಲ ಅಲ್ಲಿ ನುಣ್ಣಗಿಲ್ಲ, ಕಾಲು ಜಾರುವುದಿಲ್ಲ, ಅದಕ್ಕೆ.

ಮೇ 11, ಭಾನುವಾರ

72.7. 51.0. ಗುಂಡ 21.7.

ಫೋನಿನಲ್ಲಿ ಮುಕ್ಕಾಲು ಗಂಟೆ. ಏನು ಮಾತಾಡಿದೆವೋ! ಅವಳ ಅಂಗಡಿಯಲ್ಲಿ ಒಬ್ಬಾಕೆ ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ಕಳೆದಿದೆ ಎಂದು ಗಲಾಟೆ ಮಾಡಿದಳಂತೆ. ಬಹಳ ನಕ್ಕೆವು. ಬಾ ಎಂದು ಹೇಳಬೇಕೆಂದಿದ್ದೆ. ಇನ್ನು ಈ ಕಡೆ ತಲೆ ಹಾಕಬೇಡ ಎಂದ ಬಾಯಿಂದ ಬಾ ಎನ್ನುವುದು ಅಷ್ಟು ಸುಲಭವಲ್ಲ.

ಮೇ 16, ಶುಕ್ರವಾರ

ಎಂಟು ವಾರ ಮುಗಿಯಿತು.

ವೈದ್ಯೆ ಹೊರಗಿನ ಉದ್ದನೆಯ ಮೊಗಸಾಲೆಯ ಒಂದು ತುದಿಯಲ್ಲಿ ನಿಂತಳು, ಗುಂಡನನ್ನು ಹಿಡಿದುಕೊಂಡು. ನನ್ನನ್ನು ಇನ್ನೊಂದು ತುದಿಗೆ ಕಳಿಸಿದಳು. "ಕರೀರಿ ಅಮ್ಮಾ. ಓಡಿಸ್ಬೇಡಿ, ನಡೆಸಿ."

ಗುಂಡಾ ಎಂದೆ. ನಡೆದು ಬಂದ. ನಾನು ಅವನ ಮುಖ ನೋಡಲೇ ಇಲ್ಲ, ಆ ಎಡಗಾಲನ್ನೇ ನೋಡಿದೆ. ನೆಲ ಮುಟ್ಟಿತು, ಭಾರ ಹೊತ್ತಿತು, ಮೇಲೆದ್ದಿತು. ಮತ್ತೆ ಮುಟ್ಟಿತು. ಕುಂಟಲಿಲ್ಲ. ಮೂರು ಸಲ ನಡೆಸಿದಳು. ಮೂರು ಸಲವೂ ಕುಂಟಲಿಲ್ಲ.

ಶಸ್ತ್ರಚಿಕಿತ್ಸೆ ಬೇಡ. ಇನ್ನು ಮೆಟ್ಟಿಲನ್ನು ನಿಧಾನವಾಗಿ ಅವನೇ ಹತ್ತಬಹುದು. ಅಳತೆ ಮಾತ್ರ ತಪ್ಪಬಾರದು.

ವೈದ್ಯೆಯ ಎರಡೂ ಕೈ ಹಿಡಿದುಕೊಂಡು ಅತ್ತೆ. ಅವಳು ಗಾಬರಿಯಾಗಿ ಕುರ್ಚಿ ತರಿಸಿದಳು. "ನೀವು ಬೆಳಿಗ್ಗೆ ಏನಾದ್ರೂ ತಿಂದಿದ್ದೀರಾ ಅಮ್ಮಾ?" ಎಂದಳು. ಗುಂಡನಿಗೆ ಹಾಕಿಯೇ ಬಂದಿದ್ದೇನೆ, ಒಂದು ಬಟ್ಟಲು, ಸಮ ಮಾಡಿ, ಎಂದೆ.

ಹೊರಗೆ ಬಂದು ಕ್ಲಿನಿಕ್ಕಿನ ಮೆಟ್ಟಿಲ ಮೇಲಿಂದಲೇ ಫೋನು ಮಾಡಿದೆ. ಶುಕ್ರವಾರ ನಾನಾಗಿಯೇ ಮಾಡಿದ್ದಕ್ಕೆ ಅವಳು ಹೆದರಿ, "ಏನಾಯ್ತು?" ಎಂದು ಕೂಗಿದಳು. ನೆಟ್ಟಗೆ ನಡೀತಾನೆ ಎಂದೆ. ಆಮೇಲೆ, ಬಾ ಎಂದೆ. ಬಂದುಬಿಟ್ಟಿತು ಬಾಯಿಂದ.

ಮೇ 25, ಭಾನುವಾರ

ಇಬ್ಬರೂ ಬಂದರು. ನಮ್ಮ ಡ್ರೈವರು ಒಳಗೆ ಬಂದವನೇ ಅಭ್ಯಾಸಬಲದಿಂದ ಗುಂಡನನ್ನು ಎತ್ತಿಕೊಂಡ. ಇಳಿಸು, ಅವನೇ ನಡೆಯುತ್ತಾನೆ ಎಂದರೂ ಸ್ವಲ್ಪ ಹೊತ್ತು ಬಿಡಲಿಲ್ಲ.

ತಂಗಿ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ಮೇಲಿಂದ ಕೆಳಗೆ.

ಮೂರು ತಟ್ಟೆ ಹಾಕಿದೆ. ಸೌಟನ್ನು ಪಾತ್ರೆಯಲ್ಲೇ ಇಟ್ಟು, ನೀವೇ ಬಡಿಸಿಕೊಳ್ಳಿ ಎಂದೆ. ಅವಳು ಸ್ವಲ್ಪವೇ ಹಾಕಿಕೊಂಡಳು. ನೋಡಿ ಜೀವ ಚುರುಕ್ ಎಂದಿತು, ಆದರೆ ಗುಂಡನ ಎದುರು ಎಂಟು ವಾರ ಕುಳಿತವಳಿಗೆ ಅಷ್ಟು ತಡೆದುಕೊಳ್ಳಲು ಬರುತ್ತದೆ. ಗುಂಡ ಮೇಜಿನ ಕೆಳಗೆ ಎಲ್ಲರ ಪಾದ ಎಣಿಸುತ್ತಿದ್ದ. ಯಾರೂ ಏನೂ ಬೀಳಿಸಲಿಲ್ಲ.

ತಿಂದು ಮುಗಿಸಿ, ನನ್ನ ಮುಖ ನೋಡಿದಳು. ಸೌಟಿಗಾಗಿ ಕಾಯುತ್ತಿದ್ದಳೋ ಏನೋ. ಆಮೇಲೆ ತಾನೇ ಪಾತ್ರೆ ಎಳೆದುಕೊಂಡು ಇನ್ನಷ್ಟು ಹಾಕಿಕೊಂಡಳು. "ತುಂಬಾ ಚೆನ್ನಾಗಿದೆ ಅಕ್ಕಾ" ಎಂದಳು. ಬುದ್ಧಿ ಬಂದ ದಿನದಿಂದ ಅವಳು ಎರಡನೇ ಸಲ ತಾನಾಗಿ ಬಡಿಸಿಕೊಂಡದ್ದನ್ನು ನಾನು ನೋಡಿರಲಿಲ್ಲ. ಅವಕಾಶವೇ ಕೊಟ್ಟಿರಲಿಲ್ಲವಲ್ಲ.

ನೀರು ತೆಗೆಯಲು ಹೋದವಳು ಫ್ರಿಜ್ಜಿನ ಎದುರು ನಿಂತುಬಿಟ್ಟಳು.

"ಅಕ್ಕಾ, ಕೊನೇ ಕಾಲಂ ಗುಂಡಂದು, ಸರಿ. ನಡುವಿನದು ಯಾರದು?"

"ಅದಾ? ಅದು ಕಳೆಯೋಕೆ. ಅವನನ್ನ ಎತ್ಕೊಂಡು ನಿಂತಾಗ ನನ್ನ ತೂಕ ಕಳೀಬೇಕಲ್ಲ."

ಅವಳು ಬೆರಳಿಟ್ಟು ಓದಿದಳು, ಗಟ್ಟಿಯಾಗಿ, ಕ್ಲಿನಿಕ್ಕಿನಲ್ಲಿ ನಾನು ಓದುತ್ತಿದ್ದ ಹಾಗೆ. "ಐವತ್ತಾರು. ಐವತ್ತೈದು ಚಿಲ್ಲರೆ. ಐವತ್ತೆರಡು ಚಿಲ್ಲರೆ. ಐವತ್ತೊಂದೂವರೆ. ಐವತ್ತು ಚಿಲ್ಲರೆ." ಬೆರಳು ಕೆಳಗೆ ಬಂದು ನಿಂತಿತು. "ತೂಕದಮ್ಮಾ, ಇಂಥ ಕಾರ್ಡು ಹಿಡ್ಕೊಂಡು ಬಂದೋರಿಗೆ ನೀವು ಏನು ಹೇಳ್ತಿದ್ರಿ?"

ದಿನಕ್ಕೆ ಹತ್ತು ಸಲ ಆ ಫ್ರಿಜ್ಜು ತೆಗೆದಿದ್ದೇನೆ. ಆ ಅಂಕಿಗಳನ್ನು ನನ್ನ ಕೈಯಾರೆ ಬರೆದಿದ್ದೇನೆ. ನೋಡಿಯೇ ಇರಲಿಲ್ಲ.

ಅವಳು ಹಿಂದಿನಿಂದ ಬಂದು ನನ್ನ ಭುಜದ ಮೂಳೆ ಮುಟ್ಟಿ, ಕೊರಳ ಕೆಳಗಿನ ಮೂಳೆ ಮುಟ್ಟಿ ನೋಡಿದಳು. "ಗುಂಡಂದು ಕೈಗೆ ಸಿಗ್ಬೇಕು, ಕಣ್ಣಿಗೆ ಕಾಣಬಾರದು ಅಂತ ಫೋನಲ್ಲಿ ಪಾಠ ಮಾಡ್ತಿದ್ದೆಯಲ್ಲ? ನಿಂದು ಕೈಗೂ ಸಿಗುತ್ತೆ, ಕಣ್ಣಿಗೂ ಕಾಣುತ್ತೆ" ಎಂದಳು. ನಗುತ್ತಲೇ ಹೇಳಿದಳು, ಆದರೆ ಕೈ ಭುಜದ ಮೇಲಿಂದ ತೆಗೆಯಲಿಲ್ಲ.

ನನ್ನನ್ನು ಕೂರಿಸಿ ಬಡಿಸಿದಳು. ಒಂದು ಸೌಟು. ಇನ್ನೊಂದು. ಮೂರನೆಯದಕ್ಕೆ ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕು ಕಣೇ, ಹೊಟ್ಟೆ ತುಂಬಿದೆ" ಎಂದೆ.

ಸೌಟು ತಟ್ಟೆಯ ಮೇಲೇ ನಿಂತಿತು. ಡ್ರೈವರು ತಲೆ ತಗ್ಗಿಸಿ ಗುಂಡನ ಕಿವಿ ತುರಿಸತೊಡಗಿದ.

"ನಂಬ್ತೀನಿ" ಎಂದು ಸೌಟನ್ನು ಪಾತ್ರೆಗೆ ಹಾಕಿದಳು. "ಆದ್ರೆ ಮುಂದಿನ ಭಾನುವಾರ ಬಂದು ತೂಕ ನೋಡ್ತೀನಿ."

ಜೂನ್ 1, ಭಾನುವಾರ

74.2. ನಾನು 51.4. ಗುಂಡ 22.8.

ತೂಕ ಅವಳೇ ನೋಡಿದಳು, ಅವಳೇ ಬರೆದಳು. ನನ್ನ ಅಂಕಿಯ ಕೆಳಗೆ ಗೆರೆಯನ್ನೂ ಎಳೆದಳು.

ಅವಳ ತೂಕ ನಾನು ಕೇಳಲಿಲ್ಲ.